ಮೇಜಿನ ಮೇಲೆ ಸರಿಯಿದ್ದ ಇಎಸ್‌ಪಿ32 ವೆಬ್ ಸರ್ವರ್ ಪಂಪ್ ಶೆಡ್ಡಿನಲ್ಲಿ ಯಾಕೆ ಕೈಕೊಡುತ್ತದೆ?

ನಿಮ್ಮದು ಬದಿಯಡ್ಕದ ಹತ್ತಿರ ಅಡಿಕೆ ತೋಟ, ಕೆರೆ ಬದಿಯ ಶೆಡ್ಡಿನಲ್ಲಿ 5 ಎಚ್‌ಪಿ ತ್ರೀ ಫೇಸ್ ಮೋಟಾರು. ಅದನ್ನು ಹಾಕಿ ನಿಲ್ಲಿಸಲು ಇಎಸ್‌ಪಿ32 ಎಂಬ ಸಣ್ಣ ವೈಫೈ ಬೋರ್ಡಿನಲ್ಲಿ ಒಂದು ವೆಬ್ ಪೇಜು ಇಟ್ಟಿದ್ದೀರಿ. ಫೋನಿನಲ್ಲಿ ಬಟನ್ ಒತ್ತಿ ಮೋಟಾರು ಎದ್ದ ಕೂಡಲೇ ಬೋರ್ಡು ರೀಸೆಟ್ ಆಗುತ್ತದೆ. ಕೆಲವೊಮ್ಮೆ ಪೇಜಿನಲ್ಲಿ ‘ಆನ್’ ಎಂದಿದ್ದರೂ ಸ್ಪ್ರಿಂಕ್ಲರಿಗೆ ನೀರಿಲ್ಲ. ಕೋಡ್ ಆಮೇಲೆ ನೋಡೋಣ. ಮೊದಲು ಮೈನ್ ಆಫ್ ಮಾಡಿ, ಸ್ಟಾರ್ಟರಿನ ಮುಚ್ಚಳ ತೆಗೆದು, ಒಳಗಿನ ಕಾಂಟ್ಯಾಕ್ಟರಿನ (ಮೋಟಾರಿಗೆ ಕರೆಂಟ್ ಕೊಡುವ ದೊಡ್ಡ ಸ್ವಿಚ್ಚಿನ) ಕಾಯಿಲಿನ ಮೇಲೆ ಎಷ್ಟು ವೋಲ್ಟ್ ಎಂದು ಬರೆದಿದೆ ಓದಿ.

ಡಿಒಎಲ್ (ಮೋಟಾರಿಗೆ ನೇರ ಲೈನ್ ಕೊಡುವ) ಸ್ಟಾರ್ಟರುಗಳಲ್ಲಿ ಸಾಮಾನ್ಯವಾಗಿ ಎರಡು ಫೇಸುಗಳ ನಡುವೆ ಕೂರುವ 415 ವೋಲ್ಟ್ ಕಾಯಿಲ್ ಇರುತ್ತದೆ. ಅಂಗಡಿಯಲ್ಲಿ ಸಿಗುವ ನೀಲಿ ರಿಲೇ ಮಾಡ್ಯೂಲಿನ ತಾಕತ್ತು 250 ವೋಲ್ಟ್ ಮಾತ್ರ. ಅದನ್ನು ನೇರ ಹಸಿರು ಬಟನ್ನಿಗೆ ಸೇರಿಸಿದರೆ ಕಿಡಿ ಹಾರುತ್ತದೆ, ಒಂದು ದಿನ ಕಾಂಟ್ಯಾಕ್ಟ್ ಅಂಟಿಕೊಳ್ಳುತ್ತದೆ. ಆ ಕಿಡಿಯ ಗದ್ದಲವೇ ಬೋರ್ಡನ್ನು ಬೀಳಿಸುವುದೂ ಉಂಟು. ಕಾಯಿಲನ್ನು 230ಕ್ಕೆ ಬದಲಿಸಿ ಎನ್ನುವವರಿದ್ದಾರೆ, ನಾನು ಹಾಗೆ ಹೇಳುವುದಿಲ್ಲ: ಆಗ ಬೇರೊಂದು ಫೇಸ್ ಹೋದರೂ ಕಾಂಟ್ಯಾಕ್ಟರ್ ಹಿಡಿದೇ ಇರುತ್ತದೆ, ಮೋಟಾರು ಸುಡುತ್ತದೆ. 415ರ ಕಾಯಿಲ್ ಇದ್ದ ಹಾಗೇ ಇರಲಿ. ನಡುವೆ 230 ವೋಲ್ಟ್ ಕಾಯಿಲಿನ ಎರಡು ಮಿನಿ ಕಾಂಟ್ಯಾಕ್ಟರ್ ಹಾಕಿ, ರಿಲೇ ಅವನ್ನು ಎಳೆಯಲಿ. ಆ ಎರಡು ಕಾಯಿಲುಗಳಿಗೂ ಅಡ್ಡವಾಗಿ 100 ಓಮ್ ರೆಸಿಸ್ಟರ್ ಮತ್ತು 0.1 ಮೈಕ್ರೋಫ್ಯಾರಡ್ ಎಕ್ಸ್2 ಕೆಪಾಸಿಟರ್ ಸೀರೀಸಿನಲ್ಲಿರುವ ಸ್ನಬ್ಬರ್ (ಕಿಡಿಯ ಗದ್ದಲ ತಗ್ಗಿಸುವ ಜೋಡಿ) ಕೊಡಿ.

ಮೊದಲ ಕಾಂಟ್ಯಾಕ್ಟರ್ ಹಸಿರು ಬಟನ್ನಿಗೆ ಪ್ಯಾರಲಲ್, 1 ಸೆಕೆಂಡು ಒತ್ತಿ ಬಿಡಬೇಕು. ಎರಡನೆಯದರ ಎನ್‌ಒ (ಕಾಯಿಲಿಗೆ ಕರೆಂಟ್ ಇಲ್ಲದಾಗ ತೆರೆದಿರುವ) ಕಾಂಟ್ಯಾಕ್ಟ್ ಕೆಂಪು ಬಟನ್ನಿಗೆ ಸೀರೀಸ್. ಮೋಟಾರು ಓಡುವಷ್ಟು ಹೊತ್ತೂ ಬೋರ್ಡು ಇದನ್ನು ಹಿಡಿದಿರಬೇಕು. ಬೋರ್ಡು ಸತ್ತರೆ ಇದು ಬಿಡುತ್ತದೆ, ಮೋಟಾರು ನಿಲ್ಲುತ್ತದೆ. ಹ್ಯಾಂಗ್ ಆದರೆ ಬಿಡಿಸುವುದು ವಾಚ್‌ಡಾಗ್, ಅಂದರೆ ಪ್ರೋಗ್ರಾಂ ಸಿಕ್ಕಿಕೊಂಡರೆ ಬೋರ್ಡನ್ನು ರೀಸೆಟ್ ಮಾಡುವ ಟೈಮರ್. ಅದನ್ನು 10 ಸೆಕೆಂಡಿಗೆ ಇಡಿ. ಕೈಯಲ್ಲೇ ಮೋಟಾರು ಹಾಕಬೇಕಾದ ದಿನಕ್ಕೆ ಈ ಕಾಂಟ್ಯಾಕ್ಟಿಗೆ ಒಂದು ಬೈಪಾಸ್ ಸ್ವಿಚ್ ಇರಲಿ. ಅದೂ 415ಕ್ಕೆ ತಾಳುವಂಥದ್ದೇ ಆಗಬೇಕು. ಈ ವೈರಿಂಗ್ ಲೈಸೆನ್ಸ್ ಇರುವ ವಯರ್‌ಮ್ಯಾನ್ ಕೈಯಿಂದಲೇ ಆಗಲಿ.

ಬೋರ್ಡಿಗೆ 5 ವೋಲ್ಟ್ 2 ಆಂಪಿಯರ್ ಅಡಾಪ್ಟರ್, ದಪ್ಪ ವೈರು, 5 ವೋಲ್ಟ್ ಪಿನ್ನಿನ ಪಕ್ಕದಲ್ಲೇ 1000 ಮೈಕ್ರೋಫ್ಯಾರಡ್ ಕೆಪಾಸಿಟರ್. ವೈಫೈ ಕಳಿಸುವ ಕ್ಷಣಕ್ಕೆ ಚಿಪ್ಪು ನೂರಾರು ಮಿಲಿಆಂಪಿಯರ್ ಎಳೆಯುತ್ತದೆ. ಬೇಸಗೆಯಲ್ಲಿ ಲೈನ್ ವೋಲ್ಟೇಜೂ ಬಿದ್ದಿರುವಾಗ ಬ್ರೌನ್‌ಔಟ್ ರೀಸೆಟ್ (ಬೋರ್ಡಿನ ವೋಲ್ಟೇಜ್ ಕುಸಿದು ಆಗುವ ರೀಸೆಟ್) ಆಗುವುದು ಇಲ್ಲೇ. ರಿಲೇಗೆ ಬೋರ್ಡಿನ ಜಿಪಿಐಒ (ಕೋಡಿನಿಂದ ನಡೆಸುವ) ಪಿನ್ನುಗಳಲ್ಲಿ 25, 26, 27 ಒಳ್ಳೆಯದು. 0, 2, 5, 12, 15 ಬೂಟ್ ಹೊತ್ತಿಗೆ ಬೇರೆ ಕೆಲಸದ ಪಿನ್ನುಗಳು, ಮುಟ್ಟಬೇಡಿ. ರಿಲೇ ಮಾಡ್ಯೂಲ್ ಆಕ್ಟಿವ್ ಲೋ (ಪಿನ್ ಲೋ ಆದಾಗ ರಿಲೇ ಎಳೆಯುವಂಥದ್ದು) ಆದರೆ ಜಂಪರ್ ತೆಗೆದು ವಿಸಿಸಿಗೆ 3.3, ಜೆಡಿ-ವಿಸಿಸಿಗೆ 5 ವೋಲ್ಟ್ ಕೊಡಿ. ಪಿನ್ನನ್ನು ಔಟ್‌ಪುಟ್ ಮಾಡುವ ಮೊದಲೇ ಹೈ ಎಂದು ಬರೆಯಿರಿ.

ಇನ್ನು ‘ಆನ್’ ಎಂಬ ಸುಳ್ಳು. ನಿಮ್ಮ ಪೇಜು ತೋರಿಸುತ್ತಿರುವುದು ನೀವು ಕೊಟ್ಟ ಆಜ್ಞೆಯನ್ನು, ಮೋಟಾರಿನ ಸ್ಥಿತಿಯನ್ನಲ್ಲ. ಒಂದು ಫೇಸಿನ ವೈರಿಗೆ 30 ಆಂಪಿಯರಿಗೆ 1 ವೋಲ್ಟ್ ಕೊಡುವ ಸಿಟಿ ಸೆನ್ಸರ್ (ವೈರಿನ ಕರೆಂಟ್ ಅಳೆಯುವ ಬಳೆ) ತೊಡಿಸಿ, ಅದರ ಸಿಗ್ನಲಿಗೆ 1.65 ವೋಲ್ಟ್ ಬಯಾಸ್ ಕೊಟ್ಟು 32ರಿಂದ 39ರೊಳಗಿನ ಪಿನ್ನಿನಲ್ಲಿ ಓದಿ. ಇವು ವೋಲ್ಟೇಜ್ ಓದುವ ಮೊದಲ ಘಟಕದ (ಎಡಿಸಿ1) ಪಿನ್ನುಗಳು; ಎರಡನೆಯದರ, ಅಂದರೆ ಎಡಿಸಿ2 ಪಿನ್ನುಗಳು ವೈಫೈ ಇರುವಾಗ ಕೆಲಸಕ್ಕೆ ಬರುವುದಿಲ್ಲ. 5 ಎಚ್‌ಪಿಗೆ ಪೂರ್ತಿ ಲೋಡಿನಲ್ಲಿ ಸುಮಾರು 7 ಆಂಪಿಯರ್. ನೀರು ಎಳೆಯುವಾಗ ನಿಮ್ಮ ಮೋಟಾರಿನದು ಎಷ್ಟೆಂದು ಕ್ಲ್ಯಾಂಪ್ ಮೀಟರಿನಲ್ಲಿ ನೋಡಿ ಬರೆದಿಡಿ. ಕೆರೆ ಬತ್ತಿ ಗಾಳಿ ಎಳೆದರೆ ಅದು ಚೆನ್ನಾಗಿ ಇಳಿಯುತ್ತದೆ, ಆಗ ಬೋರ್ಡೇ ನಿಲ್ಲಿಸಲಿ. ಪೇಜಿನಲ್ಲಿ ಈ ಆಂಪಿಯರೇ ಕಾಣಬೇಕು.

ಸರ್ವರಿನ ಕಡೆ ನಾಲ್ಕು ಮಾತು. ಮೋಟಾರು ಹಾಕುವ ವಿಳಾಸ ಪೋಸ್ಟ್ (ಆಜ್ಞೆ ಕಳಿಸುವ ಬಗೆಯ ವಿನಂತಿ) ಆಗಿರಲಿ. ಗೆಟ್ (ಪೇಜು ತೆರೆಯುವ ಬಗೆಯದು) ಆದರೆ ಬ್ರೌಸರ್ ಹಳೆಯ ಟ್ಯಾಬನ್ನು ತಾನೇ ತೆರೆದಾಗ ಪಂಪು ಎದ್ದೀತು. ವಿನಂತಿಗೆ ಉತ್ತರಿಸುವ ಕೋಡಿನೊಳಗೆ (ಹ್ಯಾಂಡ್ಲರ್) ಡಿಲೇ ಬೇಡ. ಇಎಸ್‌ಪಿ-ಐಡಿಎಫ್‌ನ (ಚಿಪ್ಪಿನ ಕಂಪನಿಯದೇ ಸಾಫ್ಟ್‌ವೇರ್ ಕಿಟ್) ಸರ್ವರ್ ಒಂದೇ ಟಾಸ್ಕಿನಲ್ಲಿ ಓಡುತ್ತದೆ, ನೀವು 1 ಸೆಕೆಂಡು ಕಾದರೆ ಎಲ್ಲರೂ ಕಾಯಬೇಕು; ಆಜ್ಞೆಯನ್ನು ಕ್ಯೂಗೆ ಹಾಕಿ ಕೂಡಲೇ ಉತ್ತರ ಕೊಡಿ. ಡೀಫಾಲ್ಟಿನಲ್ಲಿ 7 ಸಾಕೆಟ್ (ಏಕಕಾಲದ ಸಂಪರ್ಕ) ಮಾತ್ರ, ಒಂದೊಂದು ಬ್ರೌಸರ್ ಹಲವನ್ನು ಹಿಡಿಯಬಹುದು, ಮನೆಯ ಮೂರು ಫೋನು ಸೇರಿದರೆ ತುಂಬಿತು. ಪೇಜು ಹ್ಯಾಂಗ್ ಆದಂತೆ ಕಾಣುವುದು ಹೀಗೆಯೇ. ಎಲ್‌ಆರ್‌ಯು ಪರ್ಜ್ (ಬಹಳ ಹೊತ್ತು ಬಳಸದ ಸಂಪರ್ಕವನ್ನು ಮುಚ್ಚುವುದು) ಆನ್ ಮಾಡಿ. ಪೇಜು ಕನ್ನಡದಲ್ಲಿದ್ದರೆ ಹೆಡರಿನಲ್ಲಿ ಯುಟಿಎಫ್-8 ಎಂದು ಹೇಳಲೇಬೇಕು. ಕನ್ನಡದ ಒಂದೊಂದು ಕೋಡ್‌ಪಾಯಿಂಟಿಗೆ 3 ಬೈಟ್, ಸಣ್ಣ ಬಫರಿನಲ್ಲಿ ಅಕ್ಷರ ನಡುವೆ ತುಂಡಾಗಿ ಚೌಕಗಳು ಬರುತ್ತವೆ.

ಮನೆಯಿಂದ ಶೆಡ್ಡಿಗೆ ಲ್ಯಾನ್ ಕೇಬಲ್ ಎಳೆಯಬೇಡಿ. ನಮ್ಮ ಕಡೆಯ ಎಪ್ರಿಲ್–ಮೇ ಸಿಡಿಲಿಗೆ ಎರಡೂ ತುದಿಯ ಸಾಮಾನು ಒಟ್ಟಿಗೆ ಹೋಗುತ್ತದೆ. ಹೊರಗಿಡುವ ವೈಫೈ ಬ್ರಿಡ್ಜ್ ಅಥವಾ ಫೈಬರ್ ಸಾಕು. ಊರಿನ ಹೊರಗಿಂದ ನೋಡಬೇಕಾದರೆ ರೂಟರಿನಲ್ಲಿ ಈ ಪೇಜಿನ ಪೋರ್ಟ್ ತೆರೆಯದೆ ವೈರ್‌ಗಾರ್ಡ್ ಎಂಬ ವಿಪಿಎನ್ (ಗುಪ್ತ ಸುರಂಗ ಸಂಪರ್ಕ) ಬಳಸಿ.

ಎಲ್ಲ ಆದ ಮೇಲೆ ಮೋಟಾರು ಓಡುತ್ತಿರುವಾಗಲೇ ಬೋರ್ಡಿನ ಅಡಾಪ್ಟರ್ ಕಿತ್ತು ನೋಡಿ, ಮೋಟಾರು ನಿಲ್ಲಬೇಕು. ಮತ್ತೆ ಸಿಕ್ಕಿಸಿದಾಗ ತಾನಾಗಿ ಏಳಬಾರದು. ಮೈನ್ ತೆಗೆದು ಹಾಕಿಯೂ ಇದನ್ನೇ ಪರೀಕ್ಷಿಸಿ.