ಹೆಪ್ಪು ಯಾರ ಮನೆಯದು?

ಓದುಗರ ಪತ್ರ (ಸಂಕ್ಷಿಪ್ತವಾಗಿ): "ನಮ್ಮ ಕರುಳಿನ ಬ್ಯಾಕ್ಟೀರಿಯಾಗಳಲ್ಲಿ ಕೆಲವು, ನಮಗೂ ಚಿಂಪಾಂಜಿಗೂ ಒಬ್ಬರೇ ಪೂರ್ವಿಕರಿದ್ದ ಕಾಲದಿಂದ ಬಂದವು ಎಂದು ಹಿಂದಿನ ಸಂಚಿಕೆಯಲ್ಲಿ ಬರೆದಿದ್ದೀರಿ. ಹುಟ್ಟುವ ಮಗುವಿನ ಕರುಳು ಹೆಚ್ಚುಕಡಿಮೆ ಖಾಲಿ, ಎಲ್ಲ ಹೊರಗಿನಿಂದ ಸೇರುತ್ತವೆ ಎಂದೂ ಅಲ್ಲೇ ಇದೆ. ಹೊರಗಿನಿಂದ ಬಂದದ್ದಕ್ಕೆ ವಂಶಾವಳಿ ಎಲ್ಲಿಯದು? ದೇವರಾಯನದುರ್ಗದ ಕೋತಿ ನನ್ನ ಕೈಯ ಬಾಳೆಹಣ್ಣು ಕಿತ್ತುಕೊಂಡರೆ ಅದರದ್ದೂ ನನಗೆ ಬರುತ್ತದೆಯೇ? ನನ್ನ ಮೊಮ್ಮಗಳು ಸಿಸೇರಿಯನ್ ಆಗಿ ಹುಟ್ಟಿದವಳು. ಅವಳಿಗೆ ಈ ವಂಶಾವಳಿ ತಪ್ಪಿಹೋಯಿತೇ?" - ನಿವೃತ್ತ ಶಿಕ್ಷಕರು, ಕೊರಟಗೆರೆ ತಾಲ್ಲೂಕು

ಎರಡು ಮಾತೂ ಸರಿ, ಮೇಷ್ಟ್ರೇ. ಎರಡರ ನಡುವೆ ಹೇಳಬೇಕಿದ್ದ ಮಾತನ್ನು ನಾವು ಹೇಳದೆ ಬಿಟ್ಟಿದ್ದೆವು.

ನಮ್ಮಮ್ಮ ಶಿರಾ ಕಡೆಯಿಂದ ತುಮಕೂರಿಗೆ ಸಂಸಾರ ತಂದಾಗ, ಸಾಮಾನಿನ ಲಾರಿಗೆ ಹಾಕದೆ ಮಡಿಲಲ್ಲೇ ಇಟ್ಟುಕೊಂಡು ಬಂದದ್ದು ಒಂದು ಸಣ್ಣ ಸ್ಟೀಲ್ ಡಬ್ಬಿ. ಅದರಲ್ಲಿ ಎರಡು ಚಮಚ ಮೊಸರು, ಹೆಪ್ಪಿಗೆ. ಕಾಯಿಸಿದ ಹಾಲು ತಾನಾಗಿ ಮೊಸರಾಗುವುದಿಲ್ಲ. ಹೊರಗಿನಿಂದಲೇ ಹೆಪ್ಪು ಹಾಕಬೇಕು. ಆದರೂ ಆ ಮೊಸರಿಗೆ ವಂಶಾವಳಿ ಇದೆ: ಇವತ್ತಿನದು ನಿನ್ನೆಯದರಿಂದ, ನಿನ್ನೆಯದು ಮೊನ್ನೆಯದರಿಂದ. ಹಾಲು ದಿನವೂ ಹೊಸದು, ಹೆಪ್ಪು ಹಳೆಯದು. ಒಂದು ದಿನ ಹೆಪ್ಪು ಕೆಟ್ಟು ಲೋಟ ಹಿಡಿದು ಪಕ್ಕದ ಮನೆಗೆ ಹೋದೆವೋ, ಅಲ್ಲಿಂದಾಚೆಗೆ ನಮ್ಮ ಮೊಸರು ಆ ಮನೆಯ ವಂಶ.

ಮಗುವಿನ ಕರುಳೂ ಕಾಯಿಸಿದ ಹಾಲಿನ ಹಾಗೆ. ಹೆರಿಗೆಯ ಹೊತ್ತಿನಲ್ಲಿ ತಾಯಿಯಿಂದ ಮೊದಲ ಹೆಪ್ಪು ಬೀಳುತ್ತದೆ. ಆಮೇಲೆ ತಾಯಿಯ ಚರ್ಮದಿಂದ, ಎತ್ತಿಕೊಂಡವರ ಕೈಯಿಂದ. ಎದೆಹಾಲಿನಲ್ಲಿ ಲ್ಯಾಕ್ಟೋಸ್ ಮತ್ತು ಕೊಬ್ಬು ಬಿಟ್ಟರೆ ಹೆಚ್ಚಾಗಿರುವುದು ಒಂದು ಬಗೆಯ ಸಂಕೀರ್ಣ ಸಕ್ಕರೆಗಳು. ಮಗುವಿಗೆ ಅವನ್ನು ಅರಗಿಸಿಕೊಳ್ಳಲು ಆಗುವುದಿಲ್ಲ. ಅವು ಮಗುವಿನ ಕರುಳಿನಲ್ಲಿರುವ ಬೈಫಿಡೋಬ್ಯಾಕ್ಟೀರಿಯಾ ಎಂಬ ಬ್ಯಾಕ್ಟೀರಿಯಾಗಳ ಊಟ. ತಾಯಿ ಮೈ ಸವೆಸಿ ಇಳಿಸುವ ಹಾಲಿನಲ್ಲಿ ಮಗುವಿಗಲ್ಲದ ಪಾಲೊಂದಿದೆ ಎಂದು ಮೊದಲ ಸಲ ಓದಿದ ದಿನ ನನಗೆ ಬೇರೆ ಕೆಲಸ ಓಡಲಿಲ್ಲ.

ಹೀಗೆ ಕೈಯಿಂದ ಕೈಗೆ ಬಂದ ಹೆಪ್ಪು ನಿಜಕ್ಕೂ ಅಷ್ಟು ಹಳೆಯದೇ ಎಂದು ಪರೀಕ್ಷಿಸಿದವರು ವಿಜ್ಞಾನಿಗಳಾದ ಆಂಡ್ರ್ಯೂ ಮೋಲರ್, ಹೊವಾರ್ಡ್ ಓಕ್‌ಮನ್ ಮತ್ತವರ ಜೊತೆಗಾರರು. ತಾಂಜಾನಿಯಾದ ಗೊಂಬೆ ಎಂಬ ಕಾಡಿನ ಚಿಂಪಾಂಜಿ, ಕಾಂಗೋದ ಬೊನೊಬೊ (ಚಿಂಪಾಂಜಿಯ ಹತ್ತಿರದ ನೆಂಟ), ಕ್ಯಾಮರೂನಿನ ಗೊರಿಲ್ಲಾ, ಅಮೆರಿಕದ ಮನುಷ್ಯರು - ಇವರೆಲ್ಲರ ಮಲದಲ್ಲಿದ್ದ ಬ್ಯಾಕ್ಟೀರಿಯಾಗಳ ಒಂದು ಜೀನನ್ನು ಹೋಲಿಸಿ 2016ರಲ್ಲಿ ಪ್ರಕಟಿಸಿದರು. ನಮ್ಮ ಹೆಳವರು ಮನೆಬಾಗಿಲಿಗೆ ಬಂದು ಯಾವ ಕವಲು ಯಾವಾಗ ಒಡೆಯಿತೆಂದು ಹೇಳುವಂತೆ, ಆ ಜೀನಿನಲ್ಲೂ ಕವಲುಗಳ ಲೆಕ್ಕ ಸಿಕ್ಕಿತು. ಗೊರಿಲ್ಲಾದ ಬ್ಯಾಕ್ಟೀರಿಯಾಗಳು ಬೇರೆಯಾದದ್ದು ಸುಮಾರು 1 ಕೋಟಿ 56 ಲಕ್ಷ ವರ್ಷಗಳ ಹಿಂದೆ. ನಮ್ಮವೂ ಚಿಂಪಾಂಜಿಯವೂ ಬೇರೆಯಾದದ್ದು ಸುಮಾರು 53 ಲಕ್ಷ ವರ್ಷಗಳ ಹಿಂದೆ. ಮನೆ ಪಾಲಾದಾಗ ಪ್ರತಿ ದಾಯಾದಿಯೂ ತನ್ನ ಹೆಪ್ಪಿನ ಡಬ್ಬಿ ತೆಗೆದುಕೊಂಡೇ ಹೋಗಿದ್ದಾನೆ. ಅಷ್ಟು ಕಾಲದಲ್ಲಿ ಎಷ್ಟು ಲಕ್ಷ ತಾಯಂದಿರು, ಯೋಚಿಸಿ. ಆ ಸಾಲು ಕಡಿಯದೆ ಬಂದಿದೆ.

ಎಲ್ಲ ಬ್ಯಾಕ್ಟೀರಿಯಾಗಳೂ ಹೀಗಲ್ಲ. ಲ್ಯಾಕ್ನೋಸ್ಪೈರೇಸೀ ಎಂಬ ಕುಟುಂಬದವು ಪಕ್ಕದ ಮನೆಯ ಹೆಪ್ಪಿನಂತೆ ಒಂದು ಪ್ರಾಣಿಯಿಂದ ಇನ್ನೊಂದಕ್ಕೆ ದಾಟಿವೆ. ಅವುಗಳಲ್ಲಿ ಹಲವು ಗಟ್ಟಿ ಕವಚದ ಬೀಜಾಣುವಾಗಿ ಹೊರಗಿನ ಗಾಳಿಯಲ್ಲೂ ಬದುಕಿ ಉಳಿಯಬಲ್ಲವು. ಹಾಗಾಗಿ ದೇವರಾಯನದುರ್ಗದ ಕೋತಿಯಿಂದ ನಿಮಗೆ ಏನೂ ಬರುವುದಿಲ್ಲ ಎಂದು ಹೇಳಲಾರೆ. ಆದರೆ ಅದು ಬಾಲವಿರುವ, ದೂರದ ನೆಂಟ. ಮೇಲಿನ ಲೆಕ್ಕ ಬಾಲವಿಲ್ಲದ ಹತ್ತಿರದವರದು. (ಬಾಳೆಹಣ್ಣನ್ನು ಬಿಟ್ಟುಬಿಡಿ. ಕೋತಿ ಕಚ್ಚಿದರೆ ರೇಬೀಸ್ ಚುಚ್ಚುಮದ್ದು ಹಾಕಿಸಿಕೊಳ್ಳಬೇಕಾಗುತ್ತದೆ.)

ನಾವು ಕಳೆದುಕೊಂಡದ್ದೂ ಇದೆ. ಅದೇ ತಂಡದ 2014ರ ಅಧ್ಯಯನದಲ್ಲಿ, ಕಾಡಿನ ಬಾಲವಿಲ್ಲದ ವಾನರಗಳಿಗಿಂತ ಮನುಷ್ಯರ ಕರುಳಿನಲ್ಲಿ ಬ್ಯಾಕ್ಟೀರಿಯಾಗಳ ಬಗೆಗಳು ಕಡಿಮೆ ಇದ್ದವು. ಮಲಾವಿಯ ಹಳ್ಳಿಗರಿಗಿಂತ ಅಮೆರಿಕದ ಪಟ್ಟಣದವರಲ್ಲಿ ಇನ್ನೂ ಕಡಿಮೆ. ಸೊಪ್ಪುಸದೆ ಅರಗಿಸುವವು ಹಿಂದೆ ಸರಿದಿವೆ. ಒಲೆ ಹಚ್ಚಿ ಬೇಯಿಸಲು ಕಲಿತ ಪ್ರಾಣಿಗೆ ಅವುಗಳ ಅಗತ್ಯ ತಗ್ಗಿತು ಎನ್ನುವುದು ಒಂದು ವಿವರಣೆ. ಚಿಂಪಾಂಜಿಯ ಜೀರ್ಣಾಂಗದಲ್ಲಿ ಹೆಚ್ಚುಕಡಿಮೆ ಅರ್ಧ ದೊಡ್ಡ ಕರುಳೇ. ನಮ್ಮದರಲ್ಲಿ ಐದರಲ್ಲೊಂದು ಪಾಲು. ಆ ಬದಲಾವಣೆಗೆ ಲಕ್ಷಾಂತರ ವರ್ಷ ಹಿಡಿಯಿತು, ಅದಕ್ಕೆ ನನಗೆ ದುಃಖವಿಲ್ಲ. ಪಟ್ಟಣದ ಊಟ ಮತ್ತು ಶೀತಕ್ಕೂ ನುಂಗುವ ಆಂಟಿಬಯೋಟಿಕ್ ಎರಡು ಮೂರು ತಲೆಮಾರಿನಲ್ಲೇ ಮಾಡುತ್ತಿರುವುದು ನನ್ನನ್ನು ಕಾಡುತ್ತದೆ.

ಒಂದು ತಿದ್ದುಪಡಿಯೂ ಇದೆ. ದೇಹದ ಜೀವಕೋಶಗಳ ಹತ್ತು ಪಟ್ಟು ಬ್ಯಾಕ್ಟೀರಿಯಾಗಳಿವೆ ಎಂದು ಹಿಂದಿನ ಸಂಚಿಕೆಯಲ್ಲಿ ಅಚ್ಚಾಗಿತ್ತು. ಅದು ಹಳೆಯ ಅಂದಾಜು. 2016ರ ಲೆಕ್ಕದಲ್ಲಿ ಬ್ಯಾಕ್ಟೀರಿಯಾ ಸುಮಾರು 38 ಲಕ್ಷ ಕೋಟಿ, ನಮ್ಮ ಜೀವಕೋಶ ಸುಮಾರು 30 ಲಕ್ಷ ಕೋಟಿ. ಆ ಬ್ಯಾಕ್ಟೀರಿಯಾಗಳ ಒಟ್ಟು ತೂಕ ಸುಮಾರು 200 ಗ್ರಾಂ.

ಇನ್ನು ಮೊಮ್ಮಗಳ ವಿಷಯ. ಸಿಸೇರಿಯನ್ ಮಕ್ಕಳಲ್ಲಿ ತಾಯಿಯಿಂದ ಬರುವ ಬ್ಯಾಕ್ಟೀರಾಯ್ಡಿಸ್ ಎಂಬ ಕರುಳಿನ ಬ್ಯಾಕ್ಟೀರಿಯಾ ಮೊದಲ ತಿಂಗಳುಗಳಲ್ಲಿ ಕಡಿಮೆ ಇರುವುದು ನಿಜ. ಆದರೆ ಈ ಹೆಪ್ಪು ಒಂದೇ ಸಲ ಬೀಳುವಂಥದ್ದಲ್ಲ. ಎದೆಹಾಲು ಕುಡಿಯುತ್ತಾ, ಮನೆಯವರ ಮಡಿಲಲ್ಲಿ ಬೆಳೆಯುತ್ತಾ ಆ ಅಂತರ ಬಹುಪಾಲು ತಗ್ಗುತ್ತದೆ. ತಾಯಿ ಮಗು ಇಬ್ಬರನ್ನೂ ಉಳಿಸುವ ಶಸ್ತ್ರಚಿಕಿತ್ಸೆಯ ಬಗ್ಗೆ ಮನೆಯಲ್ಲಿ ಯಾರೂ ಕೊರಗಬಾರದು. ಆರು ತಿಂಗಳು ತುಂಬಿ ರಾಗಿ ಸರಿ, ಹಿಸುಕಿದ ಅನ್ನ-ಬೇಳೆ ಶುರುವಾದ ಮೇಲೆ ಮಗುವಿನ ಕಕ್ಕದ ಬಣ್ಣ, ವಾಸನೆ ಎರಡೂ ಬದಲಾಗುತ್ತವೆ. ಬಟ್ಟೆ ಒಗೆಯುವವರಿಗೆ ಅದು ಮೊದಲು ತಿಳಿಯುತ್ತದೆ. ಹಾಲಿನ ಸಕ್ಕರೆ ತಿನ್ನುವ ಬ್ಯಾಕ್ಟೀರಿಯಾಗಳು ಹಿಂದೆ ಸರಿದು, ಕಾಳು-ಸೊಪ್ಪಿನ ನಾರು ತಿನ್ನುವವು ಬಂದು ಕೂರುವ ಹೊತ್ತು ಅದು.

- ಸಂಪಾದಕ