ಬಿಟ್‌ಕಾಯಿನ್ ಹಲಾಲೇ? ಮೂಡಿಗೆರೆಯ ಪತ್ರಕ್ಕೆ ಸಂಪಾದಕರ ಉತ್ತರ

ಮೂಡಿಗೆರೆಯ ಸಹೋದರಿಯವರಿಗೆ, ವಂದನೆಗಳು.

ನಿಮ್ಮ ಪತ್ರದ ಸಾರ ಇಷ್ಟು: ನಿಮ್ಮ ತಮ್ಮ ಮೆಣಸು ಮಾರಿದ ಹಣವನ್ನು ಕ್ರಿಪ್ಟೋಗೆ, ಅಂದರೆ ಬಿಟ್‌ಕಾಯಿನ್‌ನಂಥ ಡಿಜಿಟಲ್ ನಾಣ್ಯಗಳಿಗೆ, ಹಾಕಿದ್ದಾನೆ. ಮಸೀದಿಯಲ್ಲಿ ಶುಕ್ರವಾರದ ಪ್ರವಚನ ನೀಡುವ ಖತೀಬರು ಹರಾಮ್, ಅಂದರೆ ಧರ್ಮಕ್ಕೆ ನಿಷಿದ್ಧ, ಎಂದರು. ಮಲೇಷ್ಯಾದವರೇ ಒಪ್ಪಿದ್ದಾರಲ್ಲ ಎಂದು ತಮ್ಮ ವಾದಿಸುತ್ತಾನೆ. ಮನೆಯಲ್ಲಿ ಎರಡು ತಿಂಗಳಿಂದ ಸರಿಯಾದ ಮಾತುಕತೆಯಿಲ್ಲ. ಯಾರು ಸರಿ?

ನಾನು ಧಾರ್ಮಿಕ ತೀರ್ಪು ಕೊಡುವ ಮುಫ್ತಿಯಲ್ಲ, ಚಿಕ್ಕಮಗಳೂರಿನಲ್ಲಿ ಕುಳಿತು ಪತ್ರಿಕೆ ನಡೆಸುವವನು. ಫತ್ವಾ ಕೊಡಲಾರೆ. ಆದರೆ ಇಬ್ಬರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಈಜಿಪ್ಟಿನ ಮುಖ್ಯ ಮುಫ್ತಿಯಾಗಿದ್ದ ಶೌಕಿ ಅಲ್ಲಾಂ 2018ರ ಆರಂಭದಲ್ಲೇ ಬಿಟ್‌ಕಾಯಿನ್ ವ್ಯವಹಾರ ಸಲ್ಲದು ಎಂದರು. ಮಲೇಷ್ಯಾದ ಷೇರುಪೇಟೆ ನಿಯಂತ್ರಣ ಆಯೋಗದ ಷರಿಯಾ ಸಲಹಾ ಮಂಡಳಿ 2020ರಲ್ಲಿ, ನೋಂದಾಯಿತ ವಿನಿಮಯ ಕೇಂದ್ರಗಳಲ್ಲಿ ಕೊಳ್ಳುವುದು, ಮಾರುವುದು ತಾತ್ವಿಕವಾಗಿ ಸರಿ ಎಂದಿತು. ಇಂಡೋನೇಷ್ಯಾದ ಉಲೆಮಾ (ಧರ್ಮವಿದ್ವಾಂಸರ) ಮಂಡಳಿ 2021ರಲ್ಲಿ ನಡುದಾರಿ ಹಿಡಿಯಿತು: ಹಣವಾಗಿ ಬಳಸಿದರೆ ಹರಾಮ್, ಅದರ ಹಿಂದೆ ಆಸ್ತಿಯ ಆಧಾರವೂ ಸ್ಪಷ್ಟ ಪ್ರಯೋಜನವೂ ಇರುವ ಸರಕಾದರೆ ಮಾರಬಹುದು.

ತಕರಾರಿನ ಬೇರು ಇರುವುದು ‘ಮಾಲ್’, ಅಂದರೆ ಸಂಪತ್ತು, ಎಂಬ ಪದದಲ್ಲಿ. ಕೈಗೆ ಸಿಗದ, ಯಾವ ಸರ್ಕಾರವೂ ಹೊಣೆ ಹೊರದ ಬರೀ ಲೆಕ್ಕದ ನಮೂದನ್ನು ಸಂಪತ್ತು ಎನ್ನಬಹುದೇ? ಜನ ಬೆಲೆ ಕೊಟ್ಟು ಕೊಳ್ಳುತ್ತಾರೆ, ಕೂಡಿಡುತ್ತಾರೆ, ಹಾಗಾಗಿ ಸಂಪತ್ತೇ ಎನ್ನುವವರ ವಾದ ನನಗೆ ಹೆಚ್ಚು ಗಟ್ಟಿಯಾಗಿ ಕಾಣುತ್ತದೆ. ನಮ್ಮ ದೇಶದಲ್ಲಿ 2022ರಿಂದ ಇದರ ಲಾಭದ ಮೇಲೆ ಶೇ 30ರಷ್ಟು ತೆರಿಗೆ ಇದೆ. ತೆರಿಗೆ ಕಟ್ಟಿದ್ದೇನೆ, ಆದ್ದರಿಂದ ಹಲಾಲ್ ಎಂದು ತಮ್ಮ ಹೇಳಿದರೆ ಒಪ್ಪಬೇಡಿ. ಹೆಂಡದ ಮೇಲೂ ತೆರಿಗೆ ಇದೆ.

ನೀವು ಜೊತೆಗಿಟ್ಟ ಹಾಳೆ, ತಮ್ಮನ ಮೊಬೈಲಿನಿಂದ ಮುದ್ರಿಸಿದ ಕ್ರಿಪ್ಟೋ ವ್ಯವಹಾರದ ಪಟ್ಟಿ, ಪತ್ರಕ್ಕಿಂತ ಹೆಚ್ಚು ಹೇಳುತ್ತದೆ. ಮೊದಲ ಸಾಲಿನಲ್ಲಿ ಪೂರ್ತಿ ಹಣ ಕೊಟ್ಟು ಬಿಟ್‌ಕಾಯಿನ್ ಕೊಂಡಿದ್ದಾನೆ. ಮೇಲಿನ ಜಗಳವೆಲ್ಲ ಈ ಸಾಲಿಗೆ ಮಾತ್ರ. ಎರಡನೆಯದರಲ್ಲಿ, ಬೆಲೆಯನ್ನು ಡಾಲರಿಗೆ ಕಟ್ಟಿದ ಕ್ರಿಪ್ಟೋ ನಾಣ್ಯವನ್ನು ಕಂಪನಿಯೊಂದರಲ್ಲಿ ವರ್ಷಕ್ಕೆ ಶೇ 8ರಂತೆ ಇಟ್ಟಿದ್ದಾನೆ. ಕೊಟ್ಟದ್ದು ಸಾಲ, ಬರುವುದು ನಿಗದಿಯಾದ ಹೆಚ್ಚುವರಿ. ಕಂಪನಿ ಅದನ್ನು ಏನೆಂದೇ ಕರೆಯಲಿ, ಅದು ರಿಬಾ, ಧರ್ಮ ಒಪ್ಪದ ಬಡ್ಡಿ.

ಮೂರನೆಯ ಸಾಲು ಓದಿ ನಾನು ಕನ್ನಡಕ ತೆಗೆದು ಒರೆಸಿಕೊಂಡೆ. ಫ್ಯೂಚರ್ಸ್, ಅಂದರೆ ಮುಂದಿನ ಬೆಲೆಯ ಮೇಲಿನ ಒಪ್ಪಂದ, ಅದೂ 20 ಪಟ್ಟು! 5 ಸಾವಿರ ಕಟ್ಟಿ ಲಕ್ಷದ ಆಟ. ಬೆಲೆ ಶೇ 5ರಷ್ಟು ತಿರುಗಿಬಿದ್ದರೆ ಕಟ್ಟಿದ್ದೆಲ್ಲ ಹೋಯಿತು; ಬಿಟ್‌ಕಾಯಿನ್ ಒಂದೇ ದಿನದಲ್ಲಿ ಅಷ್ಟು ಇಳಿದದ್ದು ಎಷ್ಟೋ ಸಲ. ಗಿಡದ ಹಣ್ಣನ್ನು ಬಲಿಯುವ ಲಕ್ಷಣ ಕಾಣುವ ಮೊದಲು ಮಾರಬಾರದು ಎಂದು ಹದೀಸ್ (ಪ್ರವಾದಿ ವಚನ) ಇದೆ. ಕಾಫಿ ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕೇ? ಹೂಮಳೆ ಕೈಕೊಟ್ಟರೆ ಮುಂಚೆಯೇ ಫಸಲು ಕೊಂಡವನ ಗತಿಯೇನು? ಈ ಅನಿಶ್ಚಿತತೆಗೇ ಘರರ್ ಎನ್ನುವುದು. ಹಾಗೆಂದು ಮುಂಗಡ ವ್ಯಾಪಾರದ ಬಾಗಿಲನ್ನೇ ಮುಚ್ಚಿಲ್ಲ. ಇಷ್ಟು ಕ್ವಿಂಟಲ್, ಇಂಥ ದರ್ಜೆ, ಇಂಥ ದಿನ ಎಂದು ಗೊತ್ತುಮಾಡಿ, ಪೂರ್ತಿ ಹಣ ಮೊದಲೇ ಕೊಟ್ಟರೆ ಅದು ಸಲಂ, ಒಪ್ಪಿತ ವ್ಯವಹಾರ. ತಮ್ಮನ ಮೂರನೆಯ ಸಾಲಿನಲ್ಲಿ ಪೂರ್ತಿ ಹಣವೂ ಇಲ್ಲ, ಸರಕು ಕೈ ಬದಲಾಗುವುದೂ ಇಲ್ಲ. ಉಳಿದದ್ದು ಏರುತ್ತದೋ ಇಳಿಯುತ್ತದೋ ಎಂಬ ಪಣ. ಅದು ಮೈಸಿರ್, ಜೂಜು. ಖತೀಬರು ಹರಾಮ್ ಎಂದದ್ದು ಇದನ್ನೇ ಆದರೆ, ಅವರೆದುರು ಮಲೇಷ್ಯಾವನ್ನು ತಂದು ನಿಲ್ಲಿಸುವುದು ತಮ್ಮನ ಜಾಣತನ ಅಷ್ಟೆ.

ಶೇ 8ರ ಹೆಚ್ಚುವರಿಯನ್ನು ಪುಣ್ಯದ ಆಸೆಯಿಲ್ಲದೆ ಬಡವರಿಗೆ ಕೊಟ್ಟು ಕೈತೊಳೆದುಕೊಳ್ಳುವ ರೂಢಿಯಿದೆ, ಅಸಲು ಅವನದೇ. ಮೊದಲ ಸಾಲಿನ ನಾಣ್ಯ ಉಳಿಸಿಕೊಂಡರೆ, ಅದನ್ನು ಸಂಪತ್ತೆಂದು ಒಪ್ಪುವವರ ಪ್ರಕಾರ ಝಕಾತ್ (ಕಡ್ಡಾಯ ದಾನ) ಶೇ 2.5, ಅದೂ ಕೊಂಡ ಬೆಲೆಗಲ್ಲ, ಝಕಾತ್ ಲೆಕ್ಕ ಹಾಕುವ ದಿನದ ಬೆಲೆಗೆ.

ಹಾಳೆಯನ್ನು ಅಂಚೆಯಲ್ಲಿ ಹಿಂದಿರುಗಿಸಿದ್ದೇನೆ. ಖತೀಬರ ಬಳಿ ಹೋಗುವಾಗ ಅದನ್ನು ಕೊಂಡೊಯ್ಯಿರಿ, ತಮ್ಮನನ್ನೂ ಕರೆದುಕೊಂಡು ಹೋಗಿ. ಮೂರನೆಯ ಸಾಲಿನ ಕೆಳಗಿನ ಪೆನ್ಸಿಲ್ ಗೆರೆ ನನ್ನದು.

— ಸಂಪಾದಕ