ಒಂದು ವರ್ಷದ ಮಗುವಿನ ಜೊತೆ ಹಾಸನದಿಂದ ಷಿಕಾಗೊವರೆಗೆ ಹೋಗುವುದು ಹೇಗೆ?

ನಿಮ್ಮ ಪ್ರಶ್ನೆ ಓದಿದೆ. ಮಗನಿಗೆ 13 ತಿಂಗಳು. ಯಜಮಾನರು ಷಿಕಾಗೊದಲ್ಲಿದ್ದಾರೆ. ನೀವು ಹಾಸನದಿಂದ ಹೊರಡಬೇಕು. ಜೊತೆಗೆ ಅತ್ತೆ ಬರುತ್ತಾರೆ, ಅವರಿಗೂ ಇದೇ ಮೊದಲ ವಿಮಾನ. ದಾರಿಯುದ್ದಕ್ಕೂ ಮಗು ಅತ್ತರೆ ಏನು ಮಾಡೋದು, ನಿದ್ದೆ ಬರೋ ಔಷಧಿ ಡಾಕ್ಟರ್ ಹತ್ತಿರ ಕೇಳಬಹುದಾ ಅಂತ ಕೇಳಿದ್ದೀರಿ. ನಾನು ಚಿಕ್ಕಮಗಳೂರಿನವಳು. ಮಗಳು ಮತ್ತು ಒಂದು ವರ್ಷದ ಮೊಮ್ಮಗಳ ಜೊತೆ ಅಮೆರಿಕಕ್ಕೆ ಹೋಗಿದ್ದೆ. ಅಂದರೆ ನಿಮ್ಮ ಅತ್ತೆ ಕೂರುವ ಜಾಗದಲ್ಲಿ ಕೂತಿದ್ದವಳು. ಆ ಅನುಭವದಿಂದ ಹೇಳುತ್ತೇನೆ.

ಮೊದಲು ಔಷಧಿ ವಿಷಯ. ಬೇಡ. ನೆಗಡಿ ಸಿರಪ್ ಕುಡಿಸಿದರೆ ಮಗು ಮಲಗಿಬಿಡುತ್ತೆ ಅಂತ ಹೇಳುವವರು ಸಿಗುತ್ತಾರೆ, ಕೇಳಬೇಡಿ. ಕೆಲವು ಮಕ್ಕಳಿಗೆ ಅದು ಉಲ್ಟಾ ಹೊಡೆದು ಇನ್ನೂ ಚಡಪಡಿಸುತ್ತವೆ. ಇಷ್ಟು ಚಿಕ್ಕ ಮಗುವಿಗೆ ಉಸಿರಾಟಕ್ಕೂ ತೊಂದರೆ ಆಗಬಹುದು. ಕ್ಲೋರ್‌ಫೆನಿರಮಿನ್ ಮತ್ತು ಫಿನೈಲೆಫ್ರಿನ್ ಸೇರಿಸಿದ ನೆಗಡಿ ಔಷಧಿಯನ್ನು 4 ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು ಎಂದು ನಮ್ಮ ದೇಶದ ಔಷಧ ನಿಯಂತ್ರಕರೇ 2023ರ ಡಿಸೆಂಬರ್‌ನಲ್ಲಿ ಹೇಳಿದ್ದಾರೆ. ಮನೆಯಲ್ಲಿ ಯಾರಾದರೂ ಜಾಯಿಕಾಯಿ ಸ್ವಲ್ಪ ಜಾಸ್ತಿ ತೇಯ್ದು ನೆಕ್ಕಿಸು ಅನ್ನಬಹುದು. ನಮ್ಮ ಕಡೆ ಅದು ರೂಢಿ, ನನಗೂ ಗೊತ್ತು. ಆದರೆ ಜಾಯಿಕಾಯಿ ಪ್ರಮಾಣ ಮೀರಿದರೆ ವಿಷ. ಆಕಾಶದಲ್ಲಿ, ಆಸ್ಪತ್ರೆ ಇಲ್ಲದ ಕಡೆ ಅದನ್ನು ಪರೀಕ್ಷೆ ಮಾಡುವುದು ಬೇಡವೇ ಬೇಡ. ಡಾಕ್ಟರ್ ಹತ್ತಿರ ಖಂಡಿತ ಹೋಗಿ. ಆದರೆ ನಿದ್ದೆಗಲ್ಲ. ಕಿವಿ ನೋಡಿಸಲು, ನೆಗಡಿ ಇದೆಯಾ ಅಂತ ತಿಳಿಯಲು, ಬಾಕಿ ಇರುವ ಲಸಿಕೆ ಕೇಳಲು, ಜ್ವರ ಬಂದರೆ ಅವನ ತೂಕಕ್ಕೆ ಎಷ್ಟು ಪ್ಯಾರಾಸಿಟಮಾಲ್ ಹನಿ ಹಾಕಬೇಕು ಅಂತ ಬರೆಸಿಕೊಳ್ಳಲು.

ಔಷಧಿ ಇಲ್ಲದೆ ಮಗು ಮಲಗುವ ದಾರಿ ಇದೆ. ನಾನು ಕಂಡಂತೆ ಮಗು ವಿಮಾನದಲ್ಲಿ ಹೇಗಿರುತ್ತೆ ಅನ್ನುವುದು ಅದು ವಿಮಾನ ಹತ್ತುವ ಮೊದಲಿನ ಒಂದು ದಿನದಲ್ಲೇ ಅರ್ಧ ತೀರ್ಮಾನವಾಗಿರುತ್ತೆ. ಎಲ್ಲರೂ ಹತ್ತು ಗಂಟೆ ಸೀಟಿನಲ್ಲಿ ಏನು ಆಟ ಆಡಿಸೋದು ಅಂತ ಯೋಚಿಸುತ್ತಾರೆ. ಹಾಸನದಿಂದ ದೇವನಹಳ್ಳಿವರೆಗಿನ ದಾರಿ ಬಗ್ಗೆ ಯಾರೂ ಯೋಚಿಸುವುದಿಲ್ಲ.

ನೋಡಿ, ಬೆಂಗಳೂರಿನಿಂದ ಹೊರದೇಶಕ್ಕೆ ಹೋಗುವ ಬಹಳಷ್ಟು ವಿಮಾನ ನಡುರಾತ್ರಿ ಮೇಲೆ, ಬೆಳಗಿನ ಜಾವದೊಳಗೆ ಹೊರಡುತ್ತವೆ. ಮೂರು ಗಂಟೆ ಮೊದಲು ಅಲ್ಲಿರಬೇಕು. ಹಾಸನದಿಂದ ಚನ್ನರಾಯಪಟ್ಟಣ, ಯಡಿಯೂರು, ಕುಣಿಗಲ್ ದಾಟಿ ನೆಲಮಂಗಲ, ಅಲ್ಲಿಂದ ದೊಡ್ಡಬಳ್ಳಾಪುರದ ಕಡೆ ತಿರುಗಿದರೆ ಬೆಂಗಳೂರಿನ ಒಳಗೆ ಹೋಗದೆ ವಿಮಾನ ನಿಲ್ದಾಣ ಸೇರಬಹುದು. ಹಾಗೆ ಹೋದರೂ ಮಗು ಇರುವಾಗ ನಾಲ್ಕು ಗಂಟೆಗಿಂತ ಕಡಿಮೆ ಲೆಕ್ಕ ಹಾಕಬೇಡಿ. ಮಧ್ಯಾಹ್ನ ಮನೆ ಬಿಟ್ಟರೆ ಅವನ ಮಧ್ಯಾಹ್ನದ ನಿದ್ದೆ ಹಾಳು, ಸಂಜೆ ಊಟ ಹಾಳು, ರಾತ್ರಿ ನಿದ್ದೆ ಕ್ಯೂನಲ್ಲಿ ಹಾಳು. ವಿಮಾನ ಏರುವಾಗ ಅವನು ಹತ್ತು ಗಂಟೆಯಿಂದ ದಣಿದಿರುತ್ತಾನೆ. ಆಮೇಲೆ ಅತ್ತರೆ ವಿಮಾನದ ತಪ್ಪಲ್ಲ.

ಅದಕ್ಕೆ ನನ್ನ ಸಲಹೆ, ಹಿಂದಿನ ದಿನವೇ ಬೆಂಗಳೂರಿಗೆ ಹೋಗಿ. ಯಲಹಂಕ, ಹೆಬ್ಬಾಳದ ಕಡೆ ನೆಂಟರಿದ್ದರೆ ಅವರ ಮನೆ, ಇಲ್ಲದಿದ್ದರೆ ದೇವನಹಳ್ಳಿ ಹತ್ತಿರ ಒಂದು ರೂಮು. ಹೊರಡುವ ದಿನ ಮಗು ಚೆನ್ನಾಗಿ ನೆಲದ ಮೇಲೆ ಓಡಾಡಲಿ, ಸಂಜೆ ಸ್ನಾನ ಮಾಡಿ, ಉಂಡು, ಏಳು ಗಂಟೆಗೆ ಮಲಗಲಿ. ರಾತ್ರಿ ಹತ್ತಕ್ಕೆ ಹಾಗೇ ಎತ್ತಿಕೊಂಡು ಕಾರು ಹತ್ತಿ. ಇನ್ನೊಂದು ಮಾತು, ಕೆಲವರಿಗೆ ಬೇಜಾರಾಗಬಹುದು. ಕಳಿಸಿಕೊಡಲು ಎರಡು ಗಾಡಿ ತುಂಬ ಜನ ವಿಮಾನ ನಿಲ್ದಾಣಕ್ಕೆ ಬರುವುದು ಬೇಡ. ಎಲ್ಲರೂ ಮಗುವನ್ನು ಒಬ್ಬರ ಕೈಯಿಂದ ಒಬ್ಬರು ತಗೊಂಡು, ಮುದ್ದಾಡಿ, ಕಣ್ಣೀರು ಹಾಕಿ, ಅವನು ಗಾಬರಿಯಾಗಿ ಒಳಗೆ ಬರುತ್ತಾನೆ. ವಿದಾಯ ಹಾಸನದ ಮನೆಯಲ್ಲೇ ಮುಗಿಯಲಿ. ನಾವು ಹಾಗೆ ಮಾಡಿದೆವು. ನಮ್ಮ ಮನೆಯವರಿಗೆ ಕಷ್ಟವಾಯಿತು, ಮಗುವಿಗೆ ಒಳ್ಳೆಯದಾಯಿತು.

ಟಿಕೆಟ್ ಇನ್ನೂ ತೆಗೆದಿಲ್ಲ ಅಂದಿದ್ದೀರಿ. ದುಬೈ ಅಥವಾ ದೋಹಾ ಮೇಲೆ ಹೋದರೆ ಮೊದಲು ಸುಮಾರು 4 ಗಂಟೆ, ಆಮೇಲೆ ಒಂದೇ ಸಮನೆ 14-15 ಗಂಟೆ. ಫ್ರಾಂಕ್‌ಫರ್ಟ್ ಮೇಲೆ ಹೋದರೆ ಹತ್ತಿರ ಹತ್ತಿರ ಎರಡು ಸಮಪಾಲು, 10 ಗಂಟೆ ಮತ್ತು 9 ಗಂಟೆ. ಈ ವಯಸ್ಸಿನ ಮಗುವಿಗೆ ಎರಡನೆಯದೇ ವಾಸಿ ಅಂತ ನನ್ನ ಅಭಿಪ್ರಾಯ. ನಡುವೆ ಇಳಿದು ಎರಡು ಮೂರು ಗಂಟೆ ನೆಲದ ಮೇಲೆ ತೆವಳಿ, ನಡೆದು, ಕಾಲು ಸಡಿಲ ಮಾಡಿಕೊಂಡರೆ ಮುಂದಿನ ಪಾಲಿಗೆ ತಯಾರಾಗುತ್ತಾನೆ. ಒಂದು ಗಂಟೆಯ ಬಿಡುವು ಇರುವ ಟಿಕೆಟ್ ತಗೊಳ್ಳಬೇಡಿ. ಡೈಪರ್ ಬದಲಿಸುವುದರಲ್ಲೇ ಅದು ಮುಗಿಯುತ್ತೆ, ಮೊಣಕಾಲು ನೋವಿನ ಅತ್ತೆ ಓಡಲಾರರು. ಅವರಿಗೆ ನಿಜವಾಗಿ ನಡೆಯಲು ಕಷ್ಟವಿದ್ದರೆ ಟಿಕೆಟ್ ಮಾಡುವಾಗಲೇ ವೀಲ್‌ಚೇರ್ ಹೇಳಿಡಿ.

ಎರಡು ವರ್ಷ ತುಂಬುವವರೆಗೆ ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡು ಹೋಗಬಹುದು. ಹೊರದೇಶದ ಪ್ರಯಾಣಕ್ಕೆ ಸಾಮಾನ್ಯವಾಗಿ ದೊಡ್ಡವರ ದರದ 10 ಶೇಕಡ ಆಸುಪಾಸು, ಮೇಲೆ ತೆರಿಗೆ. ಬೇರೆ ಸೀಟು ತೆಗೆದು ಕಾರ್ ಸೀಟಿನಲ್ಲಿ ಕಟ್ಟಿ ಕೂರಿಸುವುದೇ ಹೆಚ್ಚು ಸುರಕ್ಷಿತ ಎಂದು ಅಮೆರಿಕದ ವಿಮಾನಯಾನ ಇಲಾಖೆ ಹೇಳುತ್ತೆ. ಹಣ ಹೊಂದುವುದಾದರೆ ಹಾಗೆ ಮಾಡಿ. ಹೊಂದದಿದ್ದರೆ ಬ್ಯಾಸಿನೆಟ್ ಸೀಟು ಕೇಳಿ. ಎದುರಿಗೆ ಗೋಡೆ ಇರುವ ಸಾಲಿನಲ್ಲಿ ಒಂದು ತೊಟ್ಟಿಲು ಸಿಕ್ಕಿಸಿಕೊಡುತ್ತಾರೆ. ಕೆಲವೇ ಇರುತ್ತವೆ, ಆದ್ದರಿಂದ ಟಿಕೆಟ್ ತೆಗೆದ ದಿನವೇ ಫೋನ್ ಮಾಡಿ ಹೇಳಿ. ಆದರೆ ಅದರ ಮೇಲೆ ಪೂರ್ತಿ ಭರವಸೆ ಇಡಬೇಡಿ. ಹೆಚ್ಚಿನ ಕಡೆ 10-11 ಕೆಜಿ ಮಿತಿ. ಒಂದು ವರ್ಷದ ಮಗು 9 ಕೆಜಿ ದಾಟಿ, 75 ಸೆಂಟಿಮೀಟರ್ ಆಸುಪಾಸು ಉದ್ದ ಇರುತ್ತೆ. ಕಾಲು ತಾಗುತ್ತೆ. ವಿಮಾನ ಅಲುಗಾಡಿದಾಗೆಲ್ಲ ಮಲಗಿದ ಮಗುವನ್ನು ಎತ್ತಿಕೊಳ್ಳಿ ಅನ್ನುತ್ತಾರೆ. ಆದರೂ ಆ ಸಾಲು ಒಳ್ಳೆಯದು. ಕಾಲು ಚಾಚಲು, ಎದ್ದು ನಿಲ್ಲಲು ಜಾಗ ಇರುತ್ತೆ.

ಇನ್ನು ಕಿವಿ. ಮಕ್ಕಳು ಕಿರುಚಿ ಅಳುವುದು ಹೆಚ್ಚಾಗಿ ವಿಮಾನ ಇಳಿಯುವಾಗ. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುವಾಗ ನಮ್ಮ ಕಿವಿ ಗುಂಯ್ ಎಂದು ಕಟ್ಟಿಕೊಳ್ಳುತ್ತಲ್ಲ, ಕಾರಣ ಅದೇ. ವಿಮಾನ ಎಷ್ಟೇ ಮೇಲಿದ್ದರೂ ಒಳಗಿನ ಗಾಳಿಯ ಒತ್ತಡ ಸುಮಾರು 1,800ರಿಂದ 2,400 ಮೀಟರ್ ಎತ್ತರದ ಬೆಟ್ಟದ ಮೇಲಿದ್ದಂತೆ ಇರುತ್ತೆ. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್. ಅಲ್ಲಿಂದ ನೆಲಕ್ಕೆ ಅರ್ಧ ಗಂಟೆಯಲ್ಲಿ ಇಳಿದಂತೆ. ನಾವು ನುಂಗಿ, ಆಕಳಿಸಿ ಸರಿ ಮಾಡಿಕೊಳ್ಳುತ್ತೇವೆ, ಮಗುವಿಗೆ ಅದು ತಿಳಿಯದು. ಆದ್ದರಿಂದ ಇಳಿಯಲು ಶುರುವಾದ ಕೂಡಲೇ ಎದೆಹಾಲು ಕೊಡಿ, ಇಲ್ಲವೇ ನೀರಿನ ಲೋಟ, ಬಾಟಲಿ. ಗುಟುಕು ಗುಟುಕಾಗಿ ನುಂಗುತ್ತಿದ್ದರೆ ಸಾಕು. ಕಿವಿಗೆ ಹತ್ತಿ ಇಟ್ಟು ಸ್ಕಾರ್ಫ್ ಕಟ್ಟುವುದರಿಂದ ಚಳಿ ತಡೆಯಬಹುದು, ಒತ್ತಡ ತಡೆಯುವುದಿಲ್ಲ. ಅತ್ತೆಗೆ ಇದನ್ನು ಮೊದಲೇ ತಿಳಿಸಿ. ನೆಗಡಿ, ಕಿವಿಸೋರು ಇದ್ದರೆ ಡಾಕ್ಟರ್ ಒಪ್ಪದೆ ಹೊರಡಬೇಡಿ, ದಿನಾಂಕ ಮುಂದೆ ಹಾಕುವುದೇ ಮೇಲು.

ಊಟದ ವಿಷಯದಲ್ಲಿ ನಾವು ಹಾಸನ, ಚಿಕ್ಕಮಗಳೂರಿನವರು ಪುಣ್ಯವಂತರು. ರಾಗಿ ಹುರಿಹಿಟ್ಟು ಇದೆ. ರಾಗಿ ಸರಿಯನ್ನು ಒಲೆಯ ಮೇಲೆ ಬೇಯಿಸಬೇಕು, ವಿಮಾನದಲ್ಲಿ ಆಗುವುದಿಲ್ಲ. ಹುರಿಹಿಟ್ಟು ಹಾಗಲ್ಲ. ರಾಗಿ ಅರಳು ಹುರಿದು ಮಾಡಿದ್ದು, ಬಿಸಿನೀರಿಗೆ ಕಲಸಿದರೆ ಊಟ ತಯಾರು. ನಾವು ಹುರಿಹಿಟ್ಟು, ಹಾಲಿನ ಪುಡಿ, ಸ್ವಲ್ಪ ಬೆಲ್ಲದ ಪುಡಿ ಬೆರೆಸಿ, ಒಂದು ಹೊತ್ತಿಗೆ ಒಂದರಂತೆ ಚಿಕ್ಕ ಚಿಕ್ಕ ಪೊಟ್ಟಣ ಕಟ್ಟಿದ್ದೆವು. ಗಗನಸಖಿ ಬಿಸಿನೀರು ಕೊಡುತ್ತಾರೆ. ಅದು ಕುದಿಯುವಂತಿರುತ್ತೆ, ಮಗುವಿನಿಂದ ದೂರ ಹಿಡಿದು ಆರಿಸಿ. ತಣ್ಣೀರು ಬಾಟಲಿಯದ್ದೇ ಕೇಳಿ. ಹೊಸ ತಿಂಡಿ ಯಾವುದನ್ನೂ ಅಲ್ಲಿ ಶುರು ಮಾಡಬೇಡಿ. ಮನೆಯಲ್ಲಿ ಎರಡು ವಾರ ಇದೇ ಪೊಟ್ಟಣದ ರುಚಿ ಅಭ್ಯಾಸ ಮಾಡಿಸಿ. ಜೊತೆಗೆ ಏಲಕ್ಕಿ ಬಾಳೆ, ಮೆತ್ತಗೆ ಬೇಯಿಸಿದ ಇಡ್ಲಿ ಮೊದಲ ಹೊತ್ತಿಗೆ. ಮೊಸರನ್ನ ಕಟ್ಟಿಕೊಂಡು ಹೋಗಿ ಹತ್ತು ಗಂಟೆ ಆದ ಮೇಲೆ ತಿನ್ನಿಸಬೇಡಿ. ಕಡಲೆಬೀಜ, ದ್ರಾಕ್ಷಿ, ಪಾಪ್‌ಕಾರ್ನ್ ಈ ವಯಸ್ಸಿಗೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ, ದೂರವಿಡಿ. ಕೈಚೀಲದಲ್ಲಿ ನೀರಿನಂಥ ಪದಾರ್ಥ 100 ಮಿಲಿಗಿಂತ ಹೆಚ್ಚು ಒಯ್ಯಬಾರದು ಅನ್ನುವ ನಿಯಮ ಮಗುವಿನ ಹಾಲು, ನೀರು, ಊಟಕ್ಕೆ ಸಡಿಲ, ಪ್ರಯಾಣಕ್ಕೆ ಬೇಕಾದಷ್ಟು ಒಯ್ಯಬಹುದು. ತಪಾಸಣೆಯಲ್ಲಿ ಮುಚ್ಚಳ ತೆಗೆದು ತೋರಿಸಿ ಅಂದರೆ ತೋರಿಸಿ. ಉಳಿದ ಹಣ್ಣು ಷಿಕಾಗೊದಲ್ಲಿ ಇಳಿಯುವ ಮೊದಲೇ ಮುಗಿಸಿ, ತಾಜಾ ಹಣ್ಣು ಒಳಗೆ ಬಿಡುವುದಿಲ್ಲ. ಹುರಿಹಿಟ್ಟು ಬ್ಯಾಗಿನಲ್ಲಿದೆ ಅಂತ ಅಲ್ಲಿನ ಕಸ್ಟಮ್ಸ್‌ನವರಿಗೆ ಅವರು ಕೇಳುವ ಮೊದಲೇ ಹೇಳಿಬಿಡಿ.

ವಿಮಾನದ ಗಾಳಿ ತುಂಬ ಒಣ. ಅವನಿಗೆ ಆಗಾಗ ನೀರು ಕೊಡಿ, ತುಟಿಗೆ ಸ್ವಲ್ಪ ಬೆಣ್ಣೆ ಹಚ್ಚಿ. ಡೈಪರ್ ಎರಡು ಗಂಟೆಗೆ ಒಂದರಂತೆ, ಮೇಲೆ ಐದಾರು. ಬಟ್ಟೆ ಅವನಿಗೆ ಮಾತ್ರವಲ್ಲ, ನಿಮಗೂ ಅತ್ತೆಗೂ ಒಂದೊಂದು ಜೊತೆ ಕೈಚೀಲದಲ್ಲೇ ಇರಲಿ. ಆಟದ ಸಾಮಾನು ಜಾಸ್ತಿ ಬೇಡ. ಒಂದು ಚನ್ನಪಟ್ಟಣದ ಮರದ ಗಿಲಕಿ, ಮುಚ್ಚಳದ ಡಬ್ಬಿ, ಬಟ್ಟೆ ಪುಸ್ತಕ. ಒಂದು ಬೇಜಾರಾದ ಮೇಲೆ ಇನ್ನೊಂದು ತೆಗೆಯಿರಿ.

ಈಗ ಮುಖ್ಯವಾದದ್ದು, ಅತ್ತೆ ಜೊತೆ ಪಾಳಿ ಹಾಕಿಕೊಳ್ಳಿ. ಮಗು ಎದ್ದಾಗ ಇಬ್ಬರೂ ಎದ್ದು ಕೂತು, ಇಬ್ಬರೂ ಸಮಾಧಾನ ಮಾಡಿ, ಇಬ್ಬರೂ ಸುಸ್ತಾಗುವುದು ನಮ್ಮ ಮನೆಗಳ ಅಭ್ಯಾಸ. ಮೂರು ಗಂಟೆ ನಿಮ್ಮದು, ಮೂರು ಗಂಟೆ ಅವರದು. ನಿಮ್ಮ ಪಾಳಿ ಮುಗಿದ ಮೇಲೆ ಅವನು ಅತ್ತರೂ ಕಣ್ಣು ಮುಚ್ಚಿ. ಹಾಲಿಗೆ ಮಾತ್ರ ಎಬ್ಬಿಸಲಿ. ನಿಮ್ಮ ಅತ್ತೆಗೆ ಇದನ್ನು ಹೇಳಲು ಸಂಕೋಚವಾದರೆ ನನ್ನ ಈ ಮಾತನ್ನೇ ಓದಿ ಹೇಳಿ. ಸೊಸೆ ಮಲಗಿದರೆ ನನ್ನ ಮೊಮ್ಮಗ ಇಳಿಯುವಾಗ ಗಟ್ಟಿ ಕೈಯಲ್ಲಿರುತ್ತಾನೆ ಅಂತ ಯಾವ ಅಜ್ಜಿಗೂ ಅರ್ಥವಾಗುತ್ತೆ. ಊಟದ ತಟ್ಟೆ ಬಂದಾಗಲೂ ಹಾಗೇ, ಒಬ್ಬರು ಉಂಡ ಮೇಲೆ ಇನ್ನೊಬ್ಬರು. ಒಂದೇ ಸಲ ಎರಡು ಬಿಸಿ ತಟ್ಟೆ ಮಗುವಿನ ಕೈಗೆ ಎಟುಕುವಂತೆ ಇಡಿಸಬೇಡಿ. ಅತ್ತೆಯೂ ಎರಡು ಗಂಟೆಗೊಮ್ಮೆ ಎದ್ದು ನಡೆಯಲಿ, ಕಾಲು ಊದುವುದು ಕಡಿಮೆಯಾಗುತ್ತೆ. ಶೌಚಾಲಯದ ಬಾಗಿಲು ತೆಗೆಯುವುದು, ನೀರು ಬಿಡಲು ಒತ್ತುವ ಬಟನ್ ಮೊದಲ ಗಂಟೆಯಲ್ಲೇ ತೋರಿಸಿಕೊಡಿ. ತಿಳಿಯದೆ ಅವರು ನೀರು ಕುಡಿಯುವುದನ್ನೇ ಬಿಟ್ಟುಬಿಡಬಹುದು.

ಪಕ್ಕದವರು ಏನೆಂದುಕೊಳ್ಳುತ್ತಾರೋ ಅನ್ನುವ ಭಯ ನಿಮ್ಮ ಬರಹದಲ್ಲಿ ಕಾಣುತ್ತೆ. ಕೂತ ಕೂಡಲೇ ನಕ್ಕು ಒಂದು ಮಾತಾಡಿ. ನಮ್ಮ ಪಕ್ಕದಲ್ಲಿದ್ದ ಅಪರಿಚಿತರು ಮೊಮ್ಮಗಳಿಗೆ ಟೋಪಿ ತೆಗೆದು ಹಾಕಿ ಎಷ್ಟೋ ಹೊತ್ತು ಆಟ ಆಡಿಸಿದರು. ಮಗು ಅಳುವುದು ಯಾರ ಅಪರಾಧವೂ ಅಲ್ಲ. ಎತ್ತಿಕೊಂಡು ಹಿಂದಿನವರೆಗೆ ನಡೆದು ಬನ್ನಿ, ಅಷ್ಟೇ.

ಕಾಗದಪತ್ರದಲ್ಲಿ ಮಗುವಿನ ಪಾಸ್‌ಪೋರ್ಟ್, ವೀಸಾ, ಜನನ ಪ್ರಮಾಣಪತ್ರದ ಪ್ರತಿ, ಜೊತೆಗೆ ಬರದ ಯಜಮಾನರ ಒಪ್ಪಿಗೆ ಪತ್ರ ಒಂದೇ ಚೀಲದಲ್ಲಿರಲಿ. ಮತ್ತೆ ಅವರಿಗೆ ಇವತ್ತೇ ಹೇಳಿ, ನಿಮ್ಮನ್ನು ಕರೆದುಕೊಂಡು ಹೋಗಲು ಬರುವಾಗ ಕಾರಿನಲ್ಲಿ ಕಾರ್ ಸೀಟು ಇರಲೇಬೇಕು. ನಾವು ಇಲ್ಲಿ ತೊಡೆ ಮೇಲೆ ಕೂರಿಸಿಕೊಂಡು ಬೇಲೂರು, ಹಳೇಬೀಡು ಸುತ್ತುತ್ತೇವೆ, ಅಲ್ಲಿ ಆಗುವುದಿಲ್ಲ. ಇಲಿನಾಯ್ ರಾಜ್ಯದಲ್ಲಿ ಎರಡು ವರ್ಷದೊಳಗಿನ ಮಗುವನ್ನು ಹಿಂದಕ್ಕೆ ಮುಖ ಮಾಡಿದ ಸೀಟಿನಲ್ಲೇ ಕೂರಿಸಬೇಕೆಂಬ ಕಾನೂನು 2019ರಿಂದ ಇದೆ.

ಹೋದ ಮೇಲೆ ಕೆಲವು ರಾತ್ರಿ ಅವನು ಎರಡು ಗಂಟೆಗೆ ಎದ್ದು ಆಟಕ್ಕೆ ಕೂರುತ್ತಾನೆ. ಅಲ್ಲಿಗೂ ನಮಗೂ ಬೇಸಿಗೆಯಲ್ಲಿ ಹತ್ತೂವರೆ ಗಂಟೆ, ಚಳಿಗಾಲದಲ್ಲಿ ಹನ್ನೊಂದೂವರೆ ಗಂಟೆ ವ್ಯತ್ಯಾಸ. ದೀಪ ಮಂದ ಇಡಿ, ಹಸಿವಾದರೆ ಸ್ವಲ್ಪ ಕೊಡಿ, ಟಿವಿ ಬೇಡ. ಬೆಳಿಗ್ಗೆ ಬಿಸಿಲಿಗೆ ಹೊರಗೆ ಕರೆದುಕೊಂಡು ಹೋಗಿ. ಹಗಲು ಮಲಗಲಿ, ಆದರೆ ಸಂಜೆವರೆಗೂ ಮಲಗಲು ಬಿಡಬೇಡಿ. ಒಂದು ವಾರ ಬೇಕಾಗುತ್ತೆ. ಆ ವಾರಕ್ಕೆ ಅಕ್ಕಿ, ಬೇಳೆ, ಹಾಲು, ತರಕಾರಿ ತಂದಿಟ್ಟು, ಅಡುಗೆಯನ್ನೂ ತಾವೇ ನೋಡಿಕೊಳ್ಳಲು ಯಜಮಾನರಿಗೆ ಹೇಳಿ.